ತಾಲ್ಲೂಕು ಮಟ್ಟದಲ್ಲಿ ಗ್ರಾಮ ಪಂಚಾಯಿತಿಗಳಿಗೆ ಮರುತರಬೇತಿ: ಯಾವುದರಿಂದ ಆರಂಭಿಸಬೇಕು?

ಬಯಲುಸೀಮೆಯ ಪಿಡಿಒ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಬಯಲುಸೀಮೆಯ ಒಂದು ತಾಲ್ಲೂಕಿನಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಾಗಿದ್ದೇನೆ (ಪಿಡಿಒ). ಈ ವರ್ಷ ಮೇಲಿನಿಂದ ಬರುವ ವೇಳಾಪಟ್ಟಿಗೆ ಕಾಯದೆ ತಾಲ್ಲೂಕಿನ ತರಬೇತಿ ಕೇಂದ್ರವಾದ ಸಾಮರ್ಥ್ಯ ಸೌಧದಲ್ಲಿ ನಾವೇ ಒಂದು ಮರುತರಬೇತಿ ನಡೆಸೋಣ, ವಿಷಯಗಳನ್ನು ಪಿಡಿಒಗಳೇ ಸೂಚಿಸಲಿ ಎಂದು ನಮ್ಮ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ (ಇಒ) ಸಾಹೇಬರು ಹೇಳಿದ್ದಾರೆ. ಕರಡು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ.

ಕರಡು ಬರೆಯಲು ಕುಳಿತರೆ ನೆನಪಿಗೆ ಬರುವುದು ಹಳೆಯ ಪಟ್ಟಿಯೇ: ಸಂವಿಧಾನದ 73ನೇ ತಿದ್ದುಪಡಿ, ಹನ್ನೊಂದನೇ ಅನುಸೂಚಿಯ 29 ವಿಷಯಗಳು, 1993ರ ಪಂಚಾಯತ್ ರಾಜ್ ಅಧಿನಿಯಮದ ಮುಖ್ಯ ಪ್ರಕರಣಗಳು, ಮಾಹಿತಿ ಹಕ್ಕು, ಸಕಾಲ, 'ನಮ್ಮ ಗ್ರಾಮ ನಮ್ಮ ಯೋಜನೆ'. ಇವುಗಳನ್ನು ಬುನಾದಿ ತರಬೇತಿಯಲ್ಲಿ ನಾವೆಲ್ಲರೂ ಕೇಳಿದ್ದೇವೆ, ಇಲಾಖಾ ಪರೀಕ್ಷೆಗೆ ಓದಿಯೂ ಇದ್ದೇವೆ. ಆದರೆ ಆಸ್ತಿಯ ದಾಖಲೆಯಾದ ನಮೂನೆ 9ಕ್ಕೆ ಅರ್ಜಿ ಕೊಟ್ಟವರ ಕ್ರಯಪತ್ರದಲ್ಲಿ ಒಂದು ಚೆಕ್ಕುಬಂದಿ, ಸ್ಥಳದಲ್ಲಿ ಇನ್ನೊಂದು ಇದ್ದಾಗ ಏನು ಟಿಪ್ಪಣಿ ಬರೆಯಬೇಕು, ಸದಸ್ಯರು ಸಭೆಯ ಕಾರ್ಯಸೂಚಿಯಲ್ಲಿ ಇಲ್ಲದ ಕಾಮಗಾರಿಯನ್ನು ನಡವಳಿಗೆ ಸೇರಿಸಿ ಎಂದು ಪಟ್ಟು ಹಿಡಿದಾಗ ಯಾವ ಮಾತಿನಲ್ಲಿ ಒಪ್ಪದೆ ಇರಬೇಕು ಎಂಬುದು ಪಾಠದ ಟಿಪ್ಪಣಿಗಳಲ್ಲಿ ಸಿಗುವುದಿಲ್ಲ.

ನನ್ನ ಪ್ರಶ್ನೆ ಇಷ್ಟೇ. ತರಬೇತಿ ಪಿಡಿಒಗಳಿಗೆ ಮಾತ್ರ ಇರಬೇಕೇ, ಅಥವಾ ಅಧ್ಯಕ್ಷರು, ಕಾರ್ಯದರ್ಶಿ, ಬಿಲ್ ಕಲೆಕ್ಟರ್, ಡಾಟಾ ಎಂಟ್ರಿ ಆಪರೇಟರ್, ನೀರುಗಂಟಿ ಎಲ್ಲರಿಗೂ ಬೇಕೇ? ಉಪನ್ಯಾಸ ಬಿಟ್ಟು ಬೇರೆ ಯಾವ ಕ್ರಮ ನಿಜವಾಗಿಯೂ ಉಪಯೋಗಕ್ಕೆ ಬಂದಿದೆ? ಹಾಜರಾತಿ ಮತ್ತು ಹಿಮ್ಮಾಹಿತಿ ನಮೂನೆಯ ಆಚೆಗೆ, ತರಬೇತಿ ಫಲ ಕೊಟ್ಟಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಅನುಭವ ಉಳ್ಳವರು ದಯವಿಟ್ಟು ತಿಳಿಸಬೇಕು.

---

ನಿವೃತ್ತ ಸಂಪನ್ಮೂಲ ವ್ಯಕ್ತಿ:

ನಾನು ಹಲವು ವರ್ಷ ಪಂಚಾಯತ್ ರಾಜ್ ತರಬೇತಿಗಳಲ್ಲಿ ಸಂಪನ್ಮೂಲ ವ್ಯಕ್ತಿಯಾಗಿದ್ದವನು. ಮೊದಲು ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಉಳಿದ ಎರಡೂ ಅದನ್ನೇ ಅವಲಂಬಿಸಿವೆ.

ನಮ್ಮ ರಾಜ್ಯದಲ್ಲಿ ತರಬೇತಿಗೆ ವ್ಯವಸ್ಥೆಯ ಕೊರತೆ ಇದೆ ಎಂದು ನಾನು ಒಪ್ಪುವುದಿಲ್ಲ. 1983ರ ಪಂಚಾಯತ್ ಕಾಯ್ದೆಯ ಹಿಂದಿನ ಶಕ್ತಿಯಾಗಿದ್ದ ಆಗಿನ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನ ರಾಜ್ಯ ಸಂಸ್ಥೆ ಮೈಸೂರಿನಲ್ಲಿದೆ. ಅಲ್ಲಿಂದ ಉಪಗ್ರಹದ ಮೂಲಕ ತಾಲ್ಲೂಕು ಕೇಂದ್ರಗಳಿಗೆ ಏಕಕಾಲಕ್ಕೆ ತರಬೇತಿ ಪ್ರಸಾರ ಮಾಡುವ ಏರ್ಪಾಡು ಬಹಳ ಹಿಂದೆಯೇ ಬಂತು. 2018ರಿಂದ ರಾಷ್ಟ್ರೀಯ ಗ್ರಾಮ ಸ್ವರಾಜ್ ಅಭಿಯಾನದ ಹಣವೂ ಇದೇ ಉದ್ದೇಶಕ್ಕೆ ಬರತೊಡಗಿತು. ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳಿರುವ ರಾಜ್ಯದಲ್ಲಿ, ಪ್ರತಿ ಚುನಾವಣೆಯ ನಂತರ ಹೊಸದಾಗಿ ಆಯ್ಕೆಯಾಗುವ ಅಷ್ಟೊಂದು ಸದಸ್ಯರನ್ನು ತಲುಪಬೇಕಾದರೆ ಇಂಥ ದೊಡ್ಡ ಏರ್ಪಾಡು ಅನಿವಾರ್ಯವೂ ಹೌದು. ಆದರೆ ಎಲ್ಲರಿಗೂ ಒಂದೇ ದಿನ ಹೇಳಬಹುದಾದದ್ದು ಎಲ್ಲರಿಗೂ ಸಮಾನವಾದದ್ದನ್ನು ಮಾತ್ರ; ನಿಮ್ಮ ಪಂಚಾಯಿತಿಗೆ ಮಾತ್ರ ಸಂಬಂಧಿಸಿದ ವಿಷಯ ಅಲ್ಲಿ ಬರಲಾರದು. ತಾಲ್ಲೂಕು ಮಟ್ಟದಲ್ಲಿ ತಾವು ಮಾಡಬೇಕಾದದ್ದು ಆ ಉಳಿದ ಭಾಗವನ್ನು. ಆದ್ದರಿಂದ ಹಳೆಯ ಪಟ್ಟಿಯನ್ನು ಪೂರ್ತಿಯಾಗಿ ಕೈಬಿಡಿ ಎಂಬುದೇ ನನ್ನ ಮೊದಲ ಸಲಹೆ.

ಎರಡನೆಯದಾಗಿ, ತರಬೇತಿಯನ್ನು ವರ್ಷದ ಕೆಲಸದ ಕ್ರಮಕ್ಕೆ ಕಟ್ಟಿ. ಪಂಚಾಯಿತಿಯ ವರ್ಷಕ್ಕೆ ತನ್ನದೇ ಋತುಗಳಿವೆ: ಏಪ್ರಿಲ್‌ನಲ್ಲಿ ತೆರಿಗೆ ಬೇಡಿಕೆಯ ತಯಾರಿ, ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಜಮಾಬಂದಿ (ವರ್ಷದ ಲೆಕ್ಕ, ಕಾಮಗಾರಿಗಳ ಬಹಿರಂಗ ಪರಿಶೀಲನೆ), ಅಕ್ಟೋಬರ್ 2ರಿಂದ ಮುಂದಿನ ವರ್ಷದ ಯೋಜನೆ ತಯಾರಿಸುವ ಜನಯೋಜನೆ ಅಭಿಯಾನ ಮತ್ತು ಅದರೊಂದಿಗೆ ವಾರ್ಡ್ ಸಭೆ, ಗ್ರಾಮ ಸಭೆಗಳು, ಫೆಬ್ರವರಿ–ಮಾರ್ಚ್‌ನಲ್ಲಿ ಆಯವ್ಯಯ. ಜಮಾಬಂದಿಯ ಬಗ್ಗೆ ಜನವರಿಯಲ್ಲಿ ಹೇಳಿದ್ದು ಆಗಸ್ಟ್ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಜಮಾಬಂದಿಗೆ ಎರಡು ವಾರ ಮುಂಚೆ ಅರ್ಧ ದಿನ ಕರೆದು, ಪ್ರತಿ ಪಂಚಾಯಿತಿಯೂ ತನ್ನ ಕಾಮಗಾರಿ ವಹಿ, ಅಳತೆ ಪುಸ್ತಕ, ನಗದು ಪುಸ್ತಕ ತರಬೇಕೆಂದು ಹೇಳಿ, ಪಕ್ಕದ ಪಂಚಾಯಿತಿಯವರು ಅವನ್ನು ಜಮಾಬಂದಿ ತಂಡದಂತೆಯೇ ಪರಿಶೀಲಿಸುವಂತೆ ಮಾಡಿದರೆ, ಆ ದಿನ ಕಲಿತದ್ದು ಮುಂದಿನ ವಾರವೇ ಕೆಲಸಕ್ಕೆ ಬರುತ್ತದೆ.

ಮೂರನೆಯ ಮಾತು ತುಸು ಕಟುವಾಗಿದೆ. ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ತರಬೇತುದಾರರ ಮೂಲಕ ವಿಷಯ ಇಳಿದು ಬರುವ ಪದ್ಧತಿಯಲ್ಲಿ ಪ್ರತಿ ಮೆಟ್ಟಿಲಿನಲ್ಲೂ ಸ್ವಲ್ಪ ಸ್ವಲ್ಪ ಸೋರಿಹೋಗುತ್ತದೆ, ಮತ್ತು ಮೊದಲು ಸೋರುವುದು ಉದಾಹರಣೆಗಳು. ಕೊನೆಗೆ ಉಳಿಯುವುದು ವ್ಯಾಖ್ಯೆಗಳು. ತಾಲ್ಲೂಕಿನಲ್ಲೇ ಇರುವ ಅನುಭವಿ ಪಿಡಿಒ ಒಬ್ಬರು ತಮ್ಮದೇ ಒಂದು ಕಡತವನ್ನು ಹಿಡಿದು, ಮೊದಲ ಅರ್ಜಿಯಿಂದ ಕೊನೆಯ ಆದೇಶದವರೆಗೆ ಏನೇನಾಯಿತು, ಎಲ್ಲಿ ನಿಂತಿತು, ಯಾರು ಏನೆಂದರು ಎಂದು ವಿವರಿಸಿದರೆ ಅದು ಹೊರಗಿನ ಸಂಪನ್ಮೂಲ ವ್ಯಕ್ತಿಯ ಒಂದು ದಿನದ ಮಾತಿಗಿಂತ ಹೆಚ್ಚು ಬೆಲೆಯುಳ್ಳದ್ದು. ನಾನೂ ಹೊರಗಿನ ಸಂಪನ್ಮೂಲ ವ್ಯಕ್ತಿಯೇ ಆಗಿದ್ದೆ ಎಂಬುದನ್ನು ಗಮನದಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

---

ಲೆಕ್ಕಪರಿಶೋಧನೆಯಿಂದ:

ಮೇಲಿನವರ ಮಾತಿಗೆ ಒಂದು ಸೇರ್ಪಡೆ. ನಿಮ್ಮ ತಾಲ್ಲೂಕಿಗೆ ಬೇಕಾದ ಪಠ್ಯಪುಸ್ತಕ ಈಗಾಗಲೇ ನಿಮ್ಮ ಬೀರುವಿನಲ್ಲಿದೆ. ಅದು ಕಳೆದ ಕೆಲವು ವರ್ಷಗಳ ಲೆಕ್ಕಪರಿಶೋಧನಾ ವರದಿ. ತಾಲ್ಲೂಕಿನ ಎಲ್ಲ ಪಂಚಾಯಿತಿಗಳ ವರದಿಗಳನ್ನು ಒಟ್ಟಿಗೆ ಇಟ್ಟು ಓದಿದರೆ, ಅವೇ ಆಕ್ಷೇಪಣೆಯ ಕಂಡಿಕೆಗಳು ವರ್ಷದಿಂದ ವರ್ಷಕ್ಕೆ, ಊರಿನಿಂದ ಊರಿಗೆ ಮರುಕಳಿಸಿರುವುದು ಕಾಣುತ್ತದೆ.

ಉದಾಹರಣೆಗೆ, ವಸೂಲಾದ ತೆರಿಗೆಯನ್ನು ಬ್ಯಾಂಕಿಗೆ ಜಮೆ ಮಾಡದೆ ನೇರವಾಗಿ ವೆಚ್ಚಕ್ಕೆ ಬಳಸುವುದು. ಮನೆ ಕಂದಾಯದ ಜೊತೆಗೆ ವಸೂಲಿ ಮಾಡಿದ ಗ್ರಂಥಾಲಯ ಕರ ಮತ್ತು ಭಿಕ್ಷುಕರ ಕರವನ್ನು ಸಂಬಂಧಪಟ್ಟವರಿಗೆ ಸಂದಾಯ ಮಾಡದೆ ಪಂಚಾಯಿತಿಯ ಖಾತೆಯಲ್ಲೇ ಉಳಿಸಿಕೊಳ್ಳುವುದು. ಗುತ್ತಿಗೆದಾರರ ಬಿಲ್ಲಿನಲ್ಲಿ ಶೇ. 1ರ ಕಾರ್ಮಿಕ ಕಲ್ಯಾಣ ಕರವನ್ನಾಗಲಿ, ಒಪ್ಪಂದದ ಮೊತ್ತ ಎರಡೂವರೆ ಲಕ್ಷ ರೂಪಾಯಿ ಮೀರಿದಾಗ ಶೇ. 2ರ ಜಿಎಸ್‌ಟಿಯನ್ನಾಗಲಿ ಕಟಾಯಿಸದಿರುವುದು, ಅಥವಾ ಕಟಾಯಿಸಿಯೂ ಸರ್ಕಾರಕ್ಕೆ ಜಮೆ ಮಾಡದಿರುವುದು. ಟೆಂಡರ್ ತಪ್ಪಿಸಲು ಒಂದೇ ಖರೀದಿಯನ್ನು ಹಲವು ತುಂಡುಗಳಾಗಿ ಒಡೆಯುವುದು. ಬೀದಿದೀಪ, ಮೋಟಾರು, ಪೈಪುಗಳ ದಾಸ್ತಾನು ವಹಿ ಇಲ್ಲದಿರುವುದು. ಸ್ವಂತ ಸಂಪನ್ಮೂಲದಲ್ಲಿ ಪರಿಶಿಷ್ಟರ ಕಲ್ಯಾಣಕ್ಕೆ ಶೇ. 25 ಮತ್ತು ಅಂಗವಿಕಲರಿಗೆ ಶೇ. 5 ಮೀಸಲಿಟ್ಟದ್ದಾಗಿ ಆಯವ್ಯಯದಲ್ಲಿ ಬರೆದು, ವರ್ಷದ ಕೊನೆಗೆ ವೆಚ್ಚದ ಕಲಂ ಖಾಲಿ ಬಿಡುವುದು.

ಇವುಗಳಲ್ಲಿ ಹೆಚ್ಚಿನವು ದುರುದ್ದೇಶದಿಂದ ಆದವಲ್ಲ ಎಂಬುದು ನನ್ನ ಅಭಿಪ್ರಾಯ. 2006ರ ಆಯವ್ಯಯ ಮತ್ತು ಲೆಕ್ಕಪತ್ರ ನಿಯಮಗಳು ಜೋಡಿ ನಮೂದು ಪದ್ಧತಿಯನ್ನು ತಂದವು. ಆದರೆ ಲೆಕ್ಕ ಬರೆಯುವ ಕೆಲಸ ಈಗ ಪಂಚತಂತ್ರ ತಂತ್ರಾಂಶದ ಒಳಗೆ ನಡೆಯುವುದರಿಂದ, ನಮೂದಿಸುವ ಆಪರೇಟರಿಗೆ ಯಾವ ಗುಂಡಿ ಒತ್ತಬೇಕೆಂದು ತಿಳಿದಿರುತ್ತದೆಯೇ ಹೊರತು ಆ ಗುಂಡಿ ಯಾವ ಲೆಕ್ಕಶೀರ್ಷಿಕೆಯನ್ನು ಮುಟ್ಟುತ್ತದೆ ಎಂದು ತಿಳಿದಿರುವುದಿಲ್ಲ. ನಿಮ್ಮ ತರಬೇತಿಯಲ್ಲಿ ಒಂದು ದಿನವನ್ನು ಪೂರ್ತಿಯಾಗಿ ಬ್ಯಾಂಕ್ ಸಮನ್ವಯ ಪಟ್ಟಿಗೆ ಕೊಡಿ. ಪ್ರತಿ ಪಂಚಾಯಿತಿಯೂ ತನ್ನ ಒಂದು ಖಾತೆಯ ಒಂದು ತಿಂಗಳ ಪಾಸ್‌ಪುಸ್ತಕ ಮತ್ತು ನಗದು ಪುಸ್ತಕವನ್ನು ತಂದು, ಎರಡರ ಶಿಲ್ಕು ಏಕೆ ಹೊಂದುವುದಿಲ್ಲ ಎಂದು ಅಲ್ಲೇ ಕುಳಿತು ಕಂಡುಹಿಡಿಯಲಿ. ಪಿಡಿಒ, ಕಾರ್ಯದರ್ಶಿ, ಆಪರೇಟರ್ ಮೂವರೂ ಒಂದೇ ಮೇಜಿನಲ್ಲಿರಲಿ.

ಫಲವನ್ನು ಅಳೆಯುವ ಬಗ್ಗೆ ಕೇಳಿದ್ದೀರಿ. ಅದೂ ಇಲ್ಲೇ ಇದೆ. ಮುಂದಿನ ವರ್ಷದ ವರದಿಯಲ್ಲಿ ಅದೇ ಕಂಡಿಕೆ ಮತ್ತೆ ಬಂದಿದೆಯೇ, ಹಳೆಯ ಕಂಡಿಕೆಗಳಿಗೆ ಅನುಪಾಲನಾ ವರದಿ (ಆಕ್ಷೇಪಣೆ ಸರಿಪಡಿಸಿದ ಬಗ್ಗೆ ಕೊಡುವ ಉತ್ತರ) ಹೋಗಿದೆಯೇ ಎಂದು ನೋಡಿದರೆ ಸಾಕು.

---

ಮಾಜಿ ಅಧ್ಯಕ್ಷೆ, ಮಲೆನಾಡು:

ಅಧಿಕಾರಿಗಳು ಮಾತನಾಡುತ್ತಿರುವ ಈ ಚರ್ಚೆಯಲ್ಲಿ ಚುನಾಯಿತರ ಕಡೆಯಿಂದ ಒಂದೆರಡು ವಿಷಯ ಹೇಳಬಯಸುತ್ತೇನೆ.

ನಮ್ಮ ರಾಜ್ಯದಲ್ಲಿ ಪಂಚಾಯಿತಿಗಳ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ನನ್ನ ಹಾಗೆ ಮನೆ, ತೋಟ, ಸ್ವಸಹಾಯ ಸಂಘ ಬಿಟ್ಟು ಬೇರೆ ಕಚೇರಿಯನ್ನೇ ನೋಡದೆ ಅಧ್ಯಕ್ಷಗಿರಿಗೆ ಬಂದವರು ಬಹಳ ಜನ ಇದ್ದಾರೆ. ನಮಗೆ ಕೊಟ್ಟ ತರಬೇತಿಯಲ್ಲಿ ಅಧಿಕಾರ ವಿಕೇಂದ್ರೀಕರಣದ ಇತಿಹಾಸ ಚೆನ್ನಾಗಿತ್ತು, ಹಾಡುಗಳೂ ಇದ್ದವು. ಆದರೆ ಹಿಂತಿರುಗಿ ಬಂದ ಮರುದಿನ ಮೇಜಿನ ಮೇಲೆ ಸಹಿಗೆ ಕಾದಿದ್ದ ಕಾಗದಗಳಲ್ಲಿ ಯಾವುದನ್ನು ಓದಿ ಸಹಿ ಹಾಕಬೇಕು, ಓದುವಾಗ ಯಾವ ಸಾಲನ್ನು ಹುಡುಕಬೇಕು ಎಂಬುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅದನ್ನು ನನಗೆ ಕಲಿಸಿದವರು ಪಕ್ಕದ ಪಂಚಾಯಿತಿಯಲ್ಲಿ ಎರಡನೇ ಬಾರಿ ಅಧ್ಯಕ್ಷರಾಗಿದ್ದ ಹಿರಿಯ ಅಕ್ಕ ಒಬ್ಬರು.

ಅವರು ಕಲಿಸಿದ್ದು ಹೀಗಿತ್ತು. ನಡವಳಿ ಪುಸ್ತಕದಲ್ಲಿ ಕೊನೆಯ ಠರಾವಿನ ಕೆಳಗೆ ಖಾಲಿ ಜಾಗ ಇದ್ದರೆ ಅಡ್ಡಗೆರೆ ಎಳೆಯದೆ ಸಹಿ ಹಾಕಬೇಡ. ಬಿಲ್ಲಿಗೆ ಸಹಿ ಹಾಕುವ ಮೊದಲು ಆ ಕಾಮಗಾರಿ ಯಾವ ಸಭೆಯ ಯಾವ ಠರಾವಿನಲ್ಲಿ ಇದೆ ಎಂದು ಕೇಳು, ಅಳತೆ ಪುಸ್ತಕದ ಪುಟ ತೋರಿಸಲು ಹೇಳು. ಡಿಜಿಟಲ್ ಸಹಿಯ ಟೋಕನ್ ಅನ್ನು ನಿನ್ನ ಕೈಯಲ್ಲೇ ಇಟ್ಟುಕೋ, ಪಾಸ್‌ವರ್ಡ್ ಯಾರಿಗೂ ಹೇಳಬೇಡ. ಈ ಕೊನೆಯ ಮಾತು ಇಂದಿಗೆ ಎಲ್ಲಕ್ಕಿಂತ ದೊಡ್ಡದು. ಚೆಕ್ಕಿನ ಕಾಲದಲ್ಲಿ ಕನಿಷ್ಠ ಪಕ್ಷ ಚೆಕ್ಕಿನ ಮೇಲೆ ಬರೆದ ಮೊತ್ತ ಕಣ್ಣಿಗೆ ಬೀಳುತ್ತಿತ್ತು. ಈಗ ಅಧ್ಯಕ್ಷರ ಟೋಕನ್ ಕಚೇರಿಯ ಡ್ರಾಯರಿನಲ್ಲೇ ಇದ್ದರೆ, ಹಣ ಹೋದದ್ದು ಅವರಿಗೆ ತಿಳಿಯುವುದೇ ಜಮಾಬಂದಿಯಲ್ಲಿ.

ಅಧ್ಯಕ್ಷರು ಮತ್ತು ಪಿಡಿಒ ಇಬ್ಬರಿಗೂ ಬೇರೆ ಬೇರೆ ಕಡೆ ತರಬೇತಿ ಕೊಡುವುದನ್ನು ನಿಲ್ಲಿಸಬೇಕು ಎಂಬುದು ನನ್ನ ಮುಖ್ಯ ಕೋರಿಕೆ. ಹಣ ಪಾವತಿಗೆ ಇಬ್ಬರ ಸಹಿಯೂ ಬೇಕು ಎಂದಮೇಲೆ ಇಬ್ಬರೂ ಒಟ್ಟಿಗೆ ಕುಳಿತು ಅದನ್ನು ಕಲಿಯಲಿ. ಬೇರೆ ಬೇರೆ ಕಲಿಸಿದಾಗ ಪಿಡಿಒಗೆ ಅಧ್ಯಕ್ಷರು ಅಡ್ಡಿಯಾಗಿ ಕಾಣುತ್ತಾರೆ, ಅಧ್ಯಕ್ಷರಿಗೆ ಪಿಡಿಒ ಏನನ್ನೋ ಮುಚ್ಚಿಡುತ್ತಿದ್ದಾರೆ ಅನ್ನಿಸುತ್ತದೆ. ಇನ್ನೊಂದು ವಿಷಯ: ಮಹಿಳಾ ಅಧ್ಯಕ್ಷರ ಬದಲು ಗಂಡನೋ ಮೈದುನನೋ ಬಂದು ಕೂರುವುದಕ್ಕೆ ತರಬೇತಿ ಸಭಾಂಗಣದ ಬಾಗಿಲಲ್ಲೇ ತಡೆ ಹಾಕಿ. ಹಾಗೆಯೇ ಸಮಯವನ್ನು ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ ಇಡಿ, ಚಿಕ್ಕ ಮಕ್ಕಳಿಗೆ ಒಂದು ಕೋಣೆ ಮತ್ತು ನೋಡಿಕೊಳ್ಳಲು ಒಬ್ಬರು ಇರಲಿ. ಸಂಜೆಯ ಕೊನೆಯ ಬಸ್ಸು ತಪ್ಪಿದರೆ ಊರು ಸೇರಲಾಗದು ಎಂಬ ಆತಂಕದಲ್ಲಿ ಕುಳಿತವರ ತಲೆಗೆ ಆಯವ್ಯಯ ಹತ್ತುವುದಿಲ್ಲ.

---

ಗಡಿನಾಡಿನ ಕನ್ನಡಿಗ:

ನಾನು ಕಾಸರಗೋಡು ಜಿಲ್ಲೆಯವನು. ನಮ್ಮ ಪಂಚಾಯಿತಿಯ ಕಾರ್ಯತಂಡದಲ್ಲಿ ಕೆಲಸ ಮಾಡಿದ್ದೇನೆ. ಕೇರಳದ ಅನುಭವ ನಿಮಗೆ ನೇರವಾಗಿ ಅನ್ವಯವಾಗದಿರಬಹುದು, ಆದರೂ ಒಂದು ಅಂಶ ಹೇಳುವಂಥದ್ದು. 1996ರಲ್ಲಿ ಅಲ್ಲಿ ಜನಕೀಯ ಯೋಜನೆ ಆರಂಭವಾದಾಗ, ರಾಜ್ಯದ ಯೋಜನಾ ಮೊತ್ತದ ಶೇ. 35–40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಡುವ ತೀರ್ಮಾನ ಮೊದಲು ಆಯಿತು, ತರಬೇತಿ ಅದರ ಬೆನ್ನಿಗೇ ಬಂತು. ಗ್ರಾಮಸಭೆ, ಅಭಿವೃದ್ಧಿ ವರದಿ, ಅಭಿವೃದ್ಧಿ ವಿಚಾರಸಂಕಿರಣ, ಯೋಜನೆಗಳ ಕರಡು ಎಂದು ಅಭಿಯಾನವನ್ನು ಹಂತಗಳಾಗಿ ವಿಂಗಡಿಸಿ, ಪ್ರತಿ ಹಂತಕ್ಕೂ ಮುಂಚೆ ಆ ಹಂತಕ್ಕೆ ಬೇಕಾದ ಕೈಪಿಡಿಯನ್ನೂ ತರಬೇತಿಯನ್ನೂ ಕೊಟ್ಟರು. ತೃಶ್ಶೂರು ಬಳಿ 1990ರಲ್ಲಿ ಸ್ಥಾಪನೆಯಾದ 'ಕಿಲ' ಸಂಸ್ಥೆ ಇಂದಿಗೂ ಈ ಕೆಲಸದ ಕೇಂದ್ರ.

ಕೈಯಲ್ಲಿ ಹಣವಿತ್ತು, ಅದನ್ನು ಹೇಗೆ ವೆಚ್ಚ ಮಾಡಬೇಕೆಂದು ತೀರ್ಮಾನಿಸುವ ಗಡುವೂ ಇತ್ತು. ಹಾಗಾಗಿ ಜನ ಗಮನವಿಟ್ಟು ಕಲಿತರು. ಕರ್ನಾಟಕದಲ್ಲಿ 2021–22ರಿಂದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟುಬಿದ್ದಿತ್ತು, ಉಳಿದ ಶೇ. 40ರ ಮೇಲೆ ಸದಸ್ಯರೆಲ್ಲರ ಕಣ್ಣು. ಯೋಜನೆ ತಯಾರಿಸುವುದನ್ನು ಹೇಳಿಕೊಡುವಾಗ, ದೊಡ್ಡ ಮಾತುಗಳ ಬದಲು ನಿಮ್ಮ ಪಂಚಾಯಿತಿಯು ತನ್ನ ಇಚ್ಛೆಯಂತೆ ವೆಚ್ಚ ಮಾಡಬಹುದಾದ ನಿಜವಾದ ಮೊತ್ತವೆಷ್ಟು ಎಂಬ ಲೆಕ್ಕದಿಂದಲೇ ಆರಂಭಿಸಿ. ಆ ಅಂಕಿಯನ್ನು ಕಪ್ಪುಹಲಗೆಯ ಮೇಲೆ ಬರೆದಾಗ ಚರ್ಚೆ ತಾನಾಗಿ ಬಿಗಿಯಾಗುತ್ತದೆ.

---

ಕುಡಿಯುವ ನೀರು ವಿಭಾಗದ ಎಂಜಿನಿಯರ್:

ಪ್ರಶ್ನೆಯಲ್ಲಿ ನೀರುಗಂಟಿಯ ಹೆಸರು ಬಂದಿದೆ, ಉತ್ತರಗಳಲ್ಲಿ ಬಂದಿಲ್ಲ. ಊರಿನ ಆರೋಗ್ಯ ಬಹುಮಟ್ಟಿಗೆ ಅವರ ಕೈಯಲ್ಲಿದೆ; ಆದರೆ ಅವರಿಗೆ ಸಿಗುವ ತರಬೇತಿ ಎಲ್ಲರಿಗಿಂತ ಕಡಿಮೆ.

ಅವರಿಗೆ ಕಲಿಸಬೇಕಾದದ್ದು ಒಂದು ಬೆಳಿಗ್ಗೆಯಲ್ಲಿ ಮುಗಿಯುವಷ್ಟೇ ಇದೆ. ಟ್ಯಾಂಕು 50,000 ಲೀಟರಿನದು ಎಂದುಕೊಳ್ಳಿ. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಬೇಕಾದರೆ ಒಟ್ಟು 100 ಗ್ರಾಂ ಕ್ಲೋರಿನ್ ಬೇಕು. ಬ್ಲೀಚಿಂಗ್ ಪೌಡರಿನಲ್ಲಿ ಕ್ಲೋರಿನ್ ಶೇ. 25 ಇದ್ದರೆ ಅದಕ್ಕೆ 400 ಗ್ರಾಂ ಪುಡಿ. ಪುಡಿಯನ್ನು ನೇರವಾಗಿ ಟ್ಯಾಂಕಿಗೆ ಸುರಿಯದೆ, ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳದಲ್ಲಿ ನಿಂತ ಮೇಲೆ ತಿಳಿನೀರನ್ನು ಮಾತ್ರ ಹಾಕಬೇಕು, ಅರ್ಧ ಗಂಟೆ ಬಿಟ್ಟು ನೀರು ಬಿಡಬೇಕು. ಚೀಲ ಬಿಚ್ಚಿಟ್ಟರೆ ಪುಡಿಯ ಸತ್ವ ಹೋಗುತ್ತದೆ ಎಂಬುದನ್ನೂ ಹೇಳಬೇಕು, ಏಕೆಂದರೆ ಪಂಚಾಯಿತಿಗಳ ದಾಸ್ತಾನಿನಲ್ಲಿ ನಾನು ಕಂಡ ಚೀಲಗಳ ಬಾಯಿ ಹೆಚ್ಚಾಗಿ ತೆರೆದೇ ಇರುತ್ತವೆ. ಕೊನೆಯದಾಗಿ, ಪರೀಕ್ಷೆಯನ್ನು ಟ್ಯಾಂಕಿನ ಬುಡದಲ್ಲಿ ಮಾಡಬಾರದು; ಊರಿನ ತುದಿಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ಕಿಟ್‌ನಲ್ಲಿ ನೋಡಬೇಕು. ನಿಮ್ಮದು ಬಯಲುಸೀಮೆಯಾದ್ದರಿಂದ ಇನ್ನೊಂದು ಮಾತು: ಕ್ಲೋರಿನ್ ಹಾಕಿದರೆ ಫ್ಲೋರೈಡ್ ಹೋಗುತ್ತದೆ ಎಂಬ ನಂಬಿಕೆ ಸದಸ್ಯರಲ್ಲೂ ಇದೆ. ಹೋಗುವುದಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಕೊಳವೆಬಾವಿ ಇದ್ದರೆ ಅದಕ್ಕೆ ಬೇರೆ ಮೂಲವನ್ನೋ ಶುದ್ಧೀಕರಣ ಘಟಕವನ್ನೋ ಹುಡುಕಬೇಕು.

ಈ ತರಬೇತಿಯನ್ನು ಸಭಾಂಗಣದಲ್ಲಿ ಮಾಡಬೇಡಿ, ಯಾವುದಾದರೂ ಒಂದು ಊರಿನ ಟ್ಯಾಂಕಿನ ಬಳಿ ಮಾಡಿ.

---

ಪ್ರಭಾರದಲ್ಲಿರುವವನು:

ಎಲ್ಲ ಸಲಹೆಗಳೂ ಚೆನ್ನಾಗಿವೆ. ಆದರೆ ಒಬ್ಬ ಪಿಡಿಒ ಎರಡು ಪಂಚಾಯಿತಿಗಳ ಪ್ರಭಾರದಲ್ಲಿದ್ದು, ಬೆಳಿಗ್ಗೆ ವಿಡಿಯೊ ಸಂವಾದ, ಮಧ್ಯಾಹ್ನ ಸಮೀಕ್ಷೆ, ಸಂಜೆ ವಾಟ್ಸ್‌ಆ್ಯಪ್ ಗುಂಪಿಗೆ ಛಾಯಾಚಿತ್ರ ಹಾಕುವ ಕೆಲಸದಲ್ಲಿರುವಾಗ, ತರಬೇತಿ ಇನ್ನೊಂದು ಹೊರೆಯಾಗುತ್ತದೆ. ಕಲಿತವರು ವರ್ಗವಾಗಿ ಹೋದರೆ ಆ ಪಂಚಾಯಿತಿಗೆ ಉಳಿಯುವುದೇನು? ಹುದ್ದೆಗಳನ್ನು ತುಂಬದೆ ತರಬೇತಿಯ ಬಗ್ಗೆ ಇಷ್ಟು ಚರ್ಚಿಸುವುದು ಕಣ್ಣೊರೆಸುವ ಕೆಲಸ ಎಂದು ನನಗೆ ಅನ್ನಿಸುತ್ತದೆ.

---

ನಿವೃತ್ತ ಸಂಪನ್ಮೂಲ ವ್ಯಕ್ತಿ:

ತಮ್ಮ ದೂರು ನ್ಯಾಯವಾದದ್ದೇ. ಖಾಲಿ ಹುದ್ದೆಯನ್ನು ತರಬೇತಿ ತುಂಬಲಾರದು. ಆದರೆ ವರ್ಗಾವಣೆಯ ಮಾತು ನನ್ನ ದೃಷ್ಟಿಯಲ್ಲಿ ಇಡೀ ತಂಡಕ್ಕೆ ತರಬೇತಿ ಕೊಡಬೇಕು ಎನ್ನುವುದಕ್ಕೇ ಕಾರಣ. ಪಿಡಿಒ ಹೋದರೂ ಬಿಲ್ ಕಲೆಕ್ಟರ್, ಆಪರೇಟರ್, ನೀರುಗಂಟಿ ಅದೇ ಊರಿನವರು, ಅಲ್ಲೇ ಇರುತ್ತಾರೆ. ಎರಡು ಪಂಚಾಯಿತಿಗಳ ಪ್ರಭಾರ ಹೊತ್ತವರಿಗೆ ತಮ್ಮ ಗೈರಿನಲ್ಲಿ ಕಚೇರಿ ನಡೆಸಬಲ್ಲ ಸಿಬ್ಬಂದಿ ಎಲ್ಲರಿಗಿಂತ ಹೆಚ್ಚು ಬೇಕು.

---

ಬಯಲುಸೀಮೆಯ ಪಿಡಿಒ:

ಎಲ್ಲರಿಗೂ ಧನ್ಯವಾದಗಳು. ಪ್ರಭಾರದ ಬಗ್ಗೆ ಬರೆದವರ ಮಾತನ್ನು ಇಒ ಸಾಹೇಬರ ಗಮನಕ್ಕೆ ತರುತ್ತೇನೆ. ತರಬೇತಿಯ ದಿನ ಬೇರೆ ಯಾವ ಸಭೆಯನ್ನೂ, ವಿಡಿಯೊ ಸಂವಾದವನ್ನೂ ಇಡಬಾರದು ಎಂಬ ಷರತ್ತನ್ನು ಕರಡಿನ ಮೊದಲ ಸಾಲಿನಲ್ಲೇ ಬರೆಯುತ್ತಿದ್ದೇನೆ.

ಸದ್ಯಕ್ಕೆ ಮೂರು ಭಾಗಗಳನ್ನು ಪ್ರಸ್ತಾಪಿಸುವ ಯೋಚನೆ ಇದೆ. ಕಳೆದ ವರ್ಷಗಳ ಆಕ್ಷೇಪಣೆಯ ಕಂಡಿಕೆಗಳನ್ನು ತಾಲ್ಲೂಕು ಮಟ್ಟದಲ್ಲಿ ಕ್ರೋಡೀಕರಿಸಿ, ಅದರ ಮೇಲೆ ಪಿಡಿಒ, ಕಾರ್ಯದರ್ಶಿ ಮತ್ತು ಆಪರೇಟರ್‌ಗಳಿಗೆ ಬ್ಯಾಂಕ್ ಸಮನ್ವಯದ ಒಂದು ದಿನ. ಜಮಾಬಂದಿಗೆ ಮುಂಚೆ ಅಧ್ಯಕ್ಷರು ಮತ್ತು ಪಿಡಿಒಗಳು ಜೊತೆಯಾಗಿ ಕುಳಿತು ಪಕ್ಕದ ಪಂಚಾಯಿತಿಯ ಕಡತ ಓದುವ ಅರ್ಧ ದಿನ. ಸಮಯ 11ರಿಂದ 3. ನೀರುಗಂಟಿಗಳಿಗೆ ಹೋಬಳಿವಾರು, ಟ್ಯಾಂಕಿನ ಬಳಿಯೇ ಒಂದು ಬೆಳಿಗ್ಗೆ. ಯೋಜನೆ ತಯಾರಿಕೆಯನ್ನು ಅಕ್ಟೋಬರ್ ಹತ್ತಿರ ಬಂದಾಗ ನೋಡೋಣ.

ಲೆಕ್ಕಪರಿಶೋಧನೆಯಿಂದ ಬರೆದ ಸರ್ ಅವರಲ್ಲಿ ಒಂದು ಪ್ರಶ್ನೆ ಉಳಿದಿದೆ. ಒಂದು ಪಂಚಾಯಿತಿಯ ಆಕ್ಷೇಪಣೆಗಳನ್ನು ಉಳಿದವರ ಮುಂದೆ ಓದಿದರೆ ಸಂಬಂಧಪಟ್ಟವರಿಗೆ ಮುಜುಗರವಾಗುತ್ತದೆ. ಇದನ್ನು ಹೇಗೆ ನಿಭಾಯಿಸುವುದು?

---

ಲೆಕ್ಕಪರಿಶೋಧನೆಯಿಂದ:

ಪಂಚಾಯಿತಿಯ ಹೆಸರು, ವರ್ಷ, ಮೊತ್ತ ಮೂರನ್ನೂ ತೆಗೆದು, ಕಂಡಿಕೆಯ ಪಠ್ಯವನ್ನು ಮಾತ್ರ ಹಾಳೆಯಲ್ಲಿ ಮುದ್ರಿಸಿ ಹಂಚಿ. ಪ್ರತಿ ತಂಡವೂ ಅದಕ್ಕೆ ಅನುಪಾಲನೆ ಬರೆಯಲಿ. ಯಾವ ದಾಖಲೆಯನ್ನು ಲಗತ್ತಿಸಬೇಕು ಎಂಬುದನ್ನೂ ಬರೆಯಲಿ. ಅದು ಯಾರ ಕಂಡಿಕೆ ಎಂದು ಕೆಲವರಿಗೆ ತಿಳಿದೇ ತಿಳಿಯುತ್ತದೆ, ಆದರೆ ಅದೇ ಕಂಡಿಕೆ ತಮ್ಮ ವರದಿಯಲ್ಲೂ ಇರುವುದರಿಂದ ಯಾರೂ ನಗುವುದಿಲ್ಲ.